ಜಿರ್ಕೋನಿಯಾ ನ್ಯಾನೊಕಣಗಳು ಎಪಾಕ್ಸಿಯಲ್ಲಿ ಗಂಟು ಕಟ್ಟುತ್ತಿರುವುದೇಕೆ?

ಪ್ರಶ್ನೆ:
ಎಪಾಕ್ಸಿ ರಾಳದ ಕಾಂಪೊಸಿಟ್‌ಗೆ ಬೆರೆಸುವ ಸಲುವಾಗಿ, 3 ಮೋಲ್ ಶೇಕಡಾ ಯಿಟ್ರಿಯಾ (ಯಿಟ್ರಿಯಂ ಆಕ್ಸೈಡ್) ಸೇರಿಸಿದ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ನ್ಯಾನೊಕಣಗಳನ್ನು ಸಹಪ್ರಕ್ಷೇಪ ವಿಧಾನದಲ್ಲಿ, ಅಂದರೆ ಎರಡನ್ನೂ ಒಂದೇ ದ್ರಾವಣದಿಂದ ಒಟ್ಟಿಗೆ ಬೇರ್ಪಡಿಸಿ, ತಯಾರಿಸುತ್ತಿದ್ದೇನೆ. ಜಿರ್ಕೋನಿಯಂ ಆಕ್ಸಿಕ್ಲೋರೈಡ್ ಮತ್ತು ಯಿಟ್ರಿಯಂ ನೈಟ್ರೇಟ್ ದ್ರಾವಣಕ್ಕೆ ಪಿಎಚ್ 9 ಮುಟ್ಟುವವರೆಗೆ ಅಮೋನಿಯಾ ಹನಿಸಿ, ಬಂದ ಬಿಳಿ ಲೋಳೆಯನ್ನು ನೀರಿನಲ್ಲಿ ತೊಳೆದು, 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಒಣಗಿಸಿ, ಅರೆದು, 600 ಡಿಗ್ರಿಯಲ್ಲಿ ಎರಡು ಗಂಟೆ ಕುಲುಮೆಯಲ್ಲಿಡುತ್ತೇನೆ. ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ವಿವರ್ತನೆ) ಪ್ರಕಾರ ಗಾತ್ರ 14 ನ್ಯಾನೊಮೀಟರ್. ಆದರೆ ತೂಕದಲ್ಲಿ ಶೇ. 5ರಷ್ಟು ಬೆರೆಸಿ, ಅರ್ಧ ಗಂಟೆ ಸೋನಿಕೇಷನ್ (ಶ್ರವಣಾತೀತ ಧ್ವನಿಯಿಂದ ಕಲಕುವುದು) ಮಾಡಿ ಅಚ್ಚಿಗೆ ಹೊಯ್ದ ಮೇಲೂ ಬರಿಗಣ್ಣಿಗೆ ಕಾಣುವಂಥ ಬಿಳಿ ಚುಕ್ಕೆಗಳು ಉಳಿಯುತ್ತಿವೆ. ಬಿರುಕು ತಾಳುವ ಗುಣವೂ ಬರಿಯ ಎಪಾಕ್ಸಿಗಿಂತ ಕಡಿಮೆಯಾಗಿದೆ. ಸೋನಿಕೇಷನ್ ಸಮಯವನ್ನು ಹೆಚ್ಚಿಸಬೇಕೇ?

ಉತ್ತರ 1:
ಬೇಡ. ಎಕ್ಸ್‌ಆರ್‌ಡಿ ರೇಖೆಯ ಅಗಲದಿಂದ ನಿಮಗೆ ಸಿಕ್ಕಿರುವುದು ಹರಳಿನ ಗಾತ್ರವೇ ಹೊರತು ಕಣದ ಗಾತ್ರವಲ್ಲ. ಬಿಇಟಿ (ಪುಡಿಯ ಮೇಲೆ ಅನಿಲ ಅಂಟುವ ಪ್ರಮಾಣದಿಂದ ಅಳೆಯುವ) ಮೇಲ್ಮೈ ವಿಸ್ತೀರ್ಣವನ್ನು ಅಳೆಸಿ, 6000ವನ್ನು ಸಾಂದ್ರತೆ ಮತ್ತು ಆ ವಿಸ್ತೀರ್ಣದ ಗುಣಲಬ್ಧದಿಂದ ಭಾಗಿಸಿ ನೋಡಿ. ಸಾಂದ್ರತೆ ಘನ ಸೆಂಟಿಮೀಟರ್‌ಗೆ 6.05 ಗ್ರಾಂ ಮತ್ತು ವಿಸ್ತೀರ್ಣ ಗ್ರಾಂಗೆ 20 ಚದರ ಮೀಟರ್ ಎಂದಾದರೆ ವ್ಯಾಸ ಸುಮಾರು 50 ನ್ಯಾನೊಮೀಟರ್ ಬರುತ್ತದೆ; ಅಂದರೆ ಒಂದೊಂದು ಕಣದಲ್ಲೂ ನಲವತ್ತಕ್ಕೂ ಹೆಚ್ಚು ಹರಳುಗಳು ಬೆಸೆದುಕೊಂಡಿವೆ ಎಂದಾಯಿತು. ಸಡಿಲವಾಗಿ ಅಂಟಿದ ಗಂಟನ್ನು ಸೋನಿಕೇಷನ್ ಬಿಡಿಸಬಲ್ಲದು, ಬೆಸುಗೆಯನ್ನಲ್ಲ. ಸಮಯ ಹೆಚ್ಚಿಸಿದರೆ ರಾಳ ಬಿಸಿಯಾಗುತ್ತದೆ, ಅಷ್ಟೆ.

ಉತ್ತರ 2:
ಬೆಸುಗೆ ಬೀಳುವುದು ಕುಲುಮೆಯಲ್ಲಾದರೂ ಅದಕ್ಕೆ ಅಡಿಪಾಯ ಬೀಳುವುದು ಒಣಗಿಸುವಾಗ. ಒಣಗಿದ ಮುದ್ದೆ ಗಾಜಿನ ಚೂರಿನಂತೆ ಅರೆಪಾರದರ್ಶಕವಾಗಿ, ಕಲ್ಬತ್ತಿನಲ್ಲಿ ಕುಟ್ಟಿದರೆ ಕಟಕಟ ಎನ್ನುತ್ತಿತ್ತೇ? ಹಾಗಿದ್ದಲ್ಲಿ ಕಾರಣ ಸ್ಪಷ್ಟ. ನೀರಿನ ಮೇಲ್ಮೈ ಎಳೆತ ಹೆಚ್ಚಾದ್ದರಿಂದ ಅದು ಆರುತ್ತಾ ಹೋದಂತೆ ಕಣಗಳನ್ನು ಒಂದಕ್ಕೊಂದು ಒತ್ತಿ ತರುತ್ತದೆ. ಆಗ ಅವುಗಳ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳು ಪರಸ್ಪರ ಕೈಹಿಡಿದು, ಬಿಸಿಯೇರಿದಾಗ ನೀರನ್ನು ಕಳೆದುಕೊಂಡು ಆಮ್ಲಜನಕದ ಸೇತುವೆಗಳಾಗಿ ಬಿಡುತ್ತವೆ. ಕ್ಲೋರೈಡ್ ಪೂರ್ತಿ ಹೋಗಿದೆಯೆಂದು ಸಿಲ್ವರ್ ನೈಟ್ರೇಟ್‌ನಿಂದ ಖಚಿತಪಡಿಸಿಕೊಂಡ ಬಳಿಕ ಒದ್ದೆ ಲೋಳೆಯನ್ನು ಎನ್-ಬ್ಯುಟನಾಲ್‌ನಲ್ಲಿ ಕಲಕಿ ಬಟ್ಟಿ ಇಳಿಸಿ. ಆವಿಯ ಉಷ್ಣತೆ ಮೊದಲು 93 ಡಿಗ್ರಿಯ ಆಸುಪಾಸಿನಲ್ಲಿ ನಿಂತಿರುತ್ತದೆ; ನೀರು ಮುಗಿದೊಡನೆ 117ರತ್ತ ಏರುತ್ತದೆ. ಅಲ್ಲಿಯವರೆಗೆ ನಿಲ್ಲಿಸಬೇಡಿ. ಬ್ಯುಟನಾಲ್ ಹೊತ್ತಿಕೊಳ್ಳುವ ದ್ರವವಾದ್ದರಿಂದ ಬರಿಯ ಜ್ವಾಲೆಯ ಮೇಲೆ ಈ ಕೆಲಸ ಸಲ್ಲದು.

ಉತ್ತರ 3:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಒಣಗಿಸುವುದೇ ಏಕೆ ಎಂಬುದು ನನ್ನ ತಕರಾರು. ಅದೇ ಲೋಳೆಯನ್ನು ಆಟೊಕ್ಲೇವ್‌ನಲ್ಲಿ (ಒತ್ತಡ ತಾಳುವ ಮುಚ್ಚಿದ ಪಾತ್ರೆಯಲ್ಲಿ) 200 ಡಿಗ್ರಿಯ ಆಸುಪಾಸಿನಲ್ಲಿಟ್ಟರೆ ಹರಳುಗಳು ನೀರಿನೊಳಗೇ ರೂಪುಗೊಳ್ಳುತ್ತವೆ. ಕುಲುಮೆಯ ಹಂತವೇ ತಪ್ಪುತ್ತದೆ. ಬಳಿಕ ನೀರಿನ ಜಾಗಕ್ಕೆ ಸಾವಯವ ದ್ರಾವಕ ತಂದು, ಎಪಾಕ್ಸಿ ಗುಂಪುಳ್ಳ ಸಿಲೇನ್‌ನಿಂದ (ಕಣವನ್ನೂ ರಾಳವನ್ನೂ ಬೆಸೆಯುವ ಸಿಲಿಕಾನ್ ಸಂಯುಕ್ತದಿಂದ) ಕಣದ ಮೈಯನ್ನು ಹೊದಿಸಿ, ರಾಳಕ್ಕೆ ಬೆರೆಸಿದ ಮೇಲೆ ದ್ರಾವಕವನ್ನು ನಿರ್ವಾತದಲ್ಲಿ ತೆಗೆಯಬಹುದು.

ಇನ್ನೊಂದು ಮಾತು: ಯಿಟ್ರಿಯಾ ಸೇರಿಸಿರುವುದನ್ನು ನೋಡಿದರೆ, ಜಿರ್ಕೋನಿಯಾದ ಟೆಟ್ರಾಗೋನಲ್ ಹರಳುರೂಪ ಮಾನೋಕ್ಲಿನಿಕ್ ಎಂಬ ಇನ್ನೊಂದು ರೂಪ ಆಗುವಾಗ ಶೇ. 4-5ರಷ್ಟು ಹಿಗ್ಗಿ ಬಿರುಕನ್ನು ಅದುಮುವ ಆ ಪ್ರಸಿದ್ಧ ಗುಣವನ್ನು ನೀವು ನೆಚ್ಚಿಕೊಂಡಂತಿದೆ. ಅದು ಗಟ್ಟಿ ಸೆರಾಮಿಕ್ ಒಳಗಿನ ಕಥೆ. ಮೆತ್ತನೆಯ ಎಪಾಕ್ಸಿಯಲ್ಲಿ, ಅದೂ ಇಷ್ಟು ಸಣ್ಣ ಹರಳಿನಲ್ಲಿ, ಅದನ್ನು ನಿರೀಕ್ಷಿಸಬೇಡಿ. ಇಲ್ಲಿ ಬಿರುಕನ್ನು ತಡೆಯುವುದು ಕಣ ರಾಳದಿಂದ ಬಿಟ್ಟುಕೊಳ್ಳುವಾಗ ಸುತ್ತಲಿನ ರಾಳ ಹಿಗ್ಗಿ ಹೀರುವ ಶಕ್ತಿ.

ಪ್ರಶ್ನೆ ಕೇಳಿದವರಿಂದ:
ಮುದ್ದೆ ಗಾಜಿನಂತೆಯೇ ಇತ್ತು. ಬಿಇಟಿ 22 ಬಂದಿತು. ಆಟೊಕ್ಲೇವ್ ಕೈಗೆಟುಕದ ಕಾರಣ ಬ್ಯುಟನಾಲ್ ದಾರಿಯನ್ನೇ ಹಿಡಿದೆ. ಹಿಂದೆ ಸೀಸೆಯ ತಳದಲ್ಲಿ ಕೂರುತ್ತಿದ್ದ ಹತ್ತು ಗ್ರಾಂ ಪುಡಿ ಈಗ ಕುತ್ತಿಗೆಯವರೆಗೂ ತುಂಬಿದೆ, ಬೆರಳಲ್ಲಿ ಒತ್ತಿದರೆ ಹಿಟ್ಟಿನಂತೆ ಕುಸಿಯುತ್ತದೆ. ಸಿಲೇನ್ ಹೊದಿಸುವುದನ್ನು ಕುಲುಮೆಯ ನಂತರವೇ ಮಾಡಬೇಕಲ್ಲವೇ?

ಉತ್ತರ 3:
ಹೌದು, ನಂತರವೇ. ಮೊದಲೇ ಹೊದಿಸಿದರೆ 600 ಡಿಗ್ರಿಯಲ್ಲಿ ಅದರ ಸಾವಯವ ಭಾಗವೆಲ್ಲ ಸುಟ್ಟುಹೋಗುತ್ತದೆ.