ಯಜಮಾನರು ಹೋದ ಮೇಲೆ ಬ್ಯಾಂಕು, ಖಾತೆ ಕೆಲಸ ನಾನೇ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ತೋಟದಮನೆ:
ತಿಪಟೂರು ಕಡೆಯವಳು, ವಯಸ್ಸು 53. ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಯಿತು. ಬ್ಯಾಂಕು, ಕರೆಂಟ್ ಬಿಲ್ಲು, ಕೊಬ್ಬರಿ ವ್ಯಾಪಾರ ಎಲ್ಲ ಅವರದೇ, ನಾನು ಹೇಳಿದ ಕಡೆ ಸಹಿ ಹಾಕುತ್ತಿದ್ದೆ ಅಷ್ಟೇ. ಮಗ ಬೆಂಗಳೂರಿನಲ್ಲಿದ್ದಾನೆ, ಒಳ್ಳೆಯವನು. "ನಿನಗ್ಯಾಕಮ್ಮ ತಲೆನೋವು, ಎಲ್ಲ ನನಗೆ ಬಿಡು" ಅನ್ನುತ್ತಾನೆ. ಆದರೆ ಹೋದ ವಾರ ಗೊಬ್ಬರಕ್ಕೆ ದುಡ್ಡು ಬೇಕಾಯಿತು, ಅವನ ಮೀಟಿಂಗ್ ಮುಗಿದು ದುಡ್ಡು ಬರುವವರೆಗೂ ಗೊಬ್ಬರದವರನ್ನು ಜಗಲಿ ಮೇಲೆ ಕೂರಿಸಿಕೊಂಡು ಕಾದೆ. ನಮ್ಮ ತೋಟದ ದುಡ್ಡಿಗೆ ಹೀಗೆ ಕಾಯಬೇಕಾ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಿವೃತ್ತ ಕ್ಯಾಷಿಯರ್:
ಅಮ್ಮ, ಮೊದಲು ಒಂದು ಮಾತು. ಯಜಮಾನರ ಎಟಿಎಂ ಕಾರ್ಡು ಮನೆಯಲ್ಲಿದ್ದರೆ ಅದರಲ್ಲಿ ದುಡ್ಡು ತೆಗೆಯಬೇಡಿ, ಆಮೇಲೆ ತೊಂದರೆ. ಅವರ ಖಾತೆಗೆ ನೀವು ನಾಮಿನಿ ಆಗಿದ್ದರೆ ಮರಣ ಪ್ರಮಾಣಪತ್ರ, ನಿಮ್ಮ ಆಧಾರ್, ಪಾಸ್‌ಬುಕ್ ಹಿಡಿದು ಹೋಗಿ ಕ್ಲೇಮ್ ಫಾರಂ ಕೇಳಿ. ಕಾಗದ ಸರಿಯಿದ್ದರೆ 15 ದಿನದೊಳಗೆ ಇತ್ಯರ್ಥ ಮಾಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ನಿಮ್ಮದೇ ಖಾತೆಯಿಂದ ಸ್ವಲ್ಪ ದುಡ್ಡು ಚೀಟಿ ಬರೆದು ತೆಗೆಯಿರಿ. ಚೀಟಿ ನೀವೇ ಬರೆಯಿರಿ, ಪಕ್ಕದಲ್ಲಿ ನಿಂತವರ ಕೈಗೆ ಕೊಡಬೇಡಿ. ತಪ್ಪಾದರೆ ಇನ್ನೊಂದು ಚೀಟಿ ಕೊಡ್ತಾರೆ, ನಾನು ಮೂವತ್ತು ವರ್ಷ ಕೊಟ್ಟಿದ್ದೇನೆ.

ಅರಸೀಕೆರೆ ಅಕ್ಕ:
ನಾನೂ ಇದೇ ದಾರಿಯಲ್ಲಿ ಬಂದವಳು ಅಕ್ಕ. ಪಹಣಿಯಲ್ಲಿ ಇನ್ನೂ ಅವರ ಹೆಸರೇ ಇದ್ದರೆ ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಅದಕ್ಕೆ ವಂಶವೃಕ್ಷ ಬೇಕು, ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಓದದೆ ಎಲ್ಲೂ ಸಹಿ ಹಾಕಬೇಡಿ, ಹಕ್ಕು ಬಿಡುಗಡೆ ಪತ್ರಕ್ಕಂತೂ ಬೇಡವೇ ಬೇಡ, ಮನೆಯವರೇ ತಂದರೂ ಸರಿ. ಫೋನ್‌ಪೇ ಕಲಿಯಲು ಮಗನನ್ನೇ ಕೇಳಿ, ಆದರೆ ಬೆರಳು ನಿಮ್ಮದಿರಲಿ. ನನ್ನ ಮಗಳು ಫೋನ್ ಕಿತ್ಕೊಂಡು ಟಪಟಪ ಒತ್ತಿ "ನೋಡಿದ್ಯಲ್ಲ" ಅಂತ ವಾಪಸ್ ಕೊಡುತ್ತಿದ್ದಳು, ಒಂದು ತಿಂಗಳಾದರೂ ಏನೂ ತಲೆಗೆ ಹತ್ತಲಿಲ್ಲ. ದುಡ್ಡು ಬರಬೇಕಾದರೆ ಪಿನ್ ಹಾಕುವ ಕೆಲಸವೇ ಇಲ್ಲ, ಯಾರಾದರೂ ಹಾಕಿ ಅಂದರೆ ಫೋನ್ ಇಟ್ಟುಬಿಡಿ. ಮೋಸ ಆಯಿತು ಅನ್ನಿಸಿದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ತೋಟದಮನೆ:
ಇವತ್ತು ಬ್ಯಾಂಕಿಗೆ ಒಬ್ಬಳೇ ಹೋಗಿದ್ದೆ. ಮೊದಲ ಚೀಟಿಯಲ್ಲಿ ತಾರೀಖು ತಪ್ಪಿತು, ಎರಡನೆಯದು ಸರಿಯಾಯಿತು. 2,000 ರೂಪಾಯಿ ತಂದೆ. ಪೌತಿ ಖಾತೆಗೆ ಅತ್ತೆಯವರ ಹೆಸರೂ ಬರುತ್ತಾ? ನಮ್ಮ ಜೊತೆಗೇ ಇದ್ದಾರೆ, 80 ದಾಟಿದೆ.

ಅರಸೀಕೆರೆ ಅಕ್ಕ:
ಸೇರಿಸಲೇಬೇಕು ಅಕ್ಕ, ವಂಶವೃಕ್ಷದಲ್ಲೂ ಬಿಡಬೇಡಿ. ವಿಲ್ ಇಲ್ಲದಿದ್ದರೆ ಯಜಮಾನರ ಸ್ವಂತ ಸಂಪಾದನೆಯ ಜಮೀನಿನಲ್ಲಿ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತವಾದರೆ ಲೆಕ್ಕ ಬೇರೆ, ವಕೀಲರನ್ನು ಒಮ್ಮೆ ಕೇಳಿ. ಹೋಗುವಾಗ ಅತ್ತೆಯವರ ಆಧಾರ್ ಜೆರಾಕ್ಸೂ ಇಟ್ಟುಕೊಳ್ಳಿ.