ಕ್ಲಚ್ ಮೇಲೆ ಕಾಲಿಟ್ಟರೆ ಎಂಜಿನ್ ಬಡಿತ ನಿಲ್ಲುತ್ತದೆ. ಬಿಗ್ ಎಂಡ್ ಬೇರಿಂಗ್ ಹೋಗಿದೆಯಾ?

ಹಳೇಗಾಡಿ:
ಎಲ್ಲರಿಗೂ ನಮಸ್ಕಾರ. ಬಹಳ ಕಾಲ ಮೂಲೆಯಲ್ಲಿ ನಿಂತಿದ್ದ ಒಂದು ಕಾರನ್ನು ಬಿಡುವಾದಾಗಲೆಲ್ಲ ನಾನೇ ಸರಿಮಾಡುತ್ತಿದ್ದೇನೆ. 1.1 ಲೀಟರ್ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್, ಪುಷ್‌ರಾಡ್, ಕಾರ್ಬ್ಯುರೇಟರ್. ಹೆಡ್ ಬಿಚ್ಚಿ ವಾಲ್ವ್‌ಗಳನ್ನು ಲ್ಯಾಪ್ ಮಾಡಿ ಹೊಸ ಗ್ಯಾಸ್ಕೆಟ್ ಹಾಕಿದ್ದೇನೆ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟನ್ನು ತಳ್ಳುವ ಬೇರಿಂಗ್) ಮೂರೂ ಹೊಸವು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ಕಡೆ ಕೈ ಹಾಕಿಲ್ಲ.

ಸ್ಟಾರ್ಟ್ ಮಾಡಿದಾಗ ಸುಮ್ಮನಿರುತ್ತದೆ. ಬಿಸಿಯಾದ ಮೇಲೆ ಸ್ಲೋನಲ್ಲಿ (ರೇಸ್ ಕೊಡದೆ ಓಡುವಾಗ) ಕೆಳಗಿನಿಂದ ದಪ್ಪ ದನಿಯಲ್ಲಿ ಟಕ್ ಟಕ್ ಅಂತ ಬಡಿಯಲು ಶುರುವಾಗುತ್ತದೆ. ಟ್ಯಾಪೆಟ್ಟಿನ ಚಿಟಚಿಟ ಅಲ್ಲವೇ ಅಲ್ಲ. ಟ್ಯಾಪೆಟ್ ಗ್ಯಾಪನ್ನು ಫೀಲರ್ ಗೇಜ್ ಇಟ್ಟು ಎರಡು ಸಲ ನೋಡಿದ್ದೇನೆ. ಆಯಿಲ್ ಪ್ರೆಶರ್ ಬಿಸಿಯಲ್ಲಿ ಸ್ಲೋನಲ್ಲಿ 20 ಪಿಎಸ್‌ಐ, 2000 ಆರ್‌ಪಿಎಂನಲ್ಲಿ 45. ಒಂದೊಂದೇ ಪ್ಲಗ್ ವಯರ್ ತೆಗೆದು ಅರ್ತ್ ಮಾಡಿ ಕೇಳಿದೆ. ಎಂಜಿನ್ ನಡುಗುತ್ತದೆ, ಬಡಿತ ಮಾತ್ರ ಹಾಗೇ ಇರುತ್ತದೆ. ಇನ್ನೊಂದು ವಿಷಯ, ಇದು ಕಾಕತಾಳೀಯವೂ ಇರಬಹುದು: ಕ್ಲಚ್ ಪೆಡಲ್ ಮೇಲೆ ಕಾಲಿಟ್ಟರೆ ಬಡಿತ ಸಣ್ಣದಾಗುತ್ತದೆ, ಇನ್ನೂ ಒತ್ತಿದರೆ ನಿಂತೇ ಹೋಗುತ್ತದೆ.

ಕೇಳಿದವರೆಲ್ಲ "ಬಿಗ್ ಎಂಡ್ (ಪಿಸ್ಟನ್ ರಾಡಿನ ಕೆಳತುದಿಯ) ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಿ" ಅನ್ನುತ್ತಿದ್ದಾರೆ. ಇಳಿಸಲು ನನಗೇನೂ ಬೇಸರವಿಲ್ಲ. ಆದರೆ ಏನು ಹುಡುಕುತ್ತಿದ್ದೇನೆ ಎಂದು ಗೊತ್ತಿಲ್ಲದೆ ಬಿಚ್ಚುವುದು ನನಗೆ ಇಷ್ಟವಿಲ್ಲ.

ಎರಡನೇಗೇರ್:
ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಇದ್ದರೂ ಟಕ್ ಟಕ್ ಬರುತ್ತದೆ. ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು ಇನ್ನೊಂದನ್ನು ಮ್ಯಾನಿಫೋಲ್ಡ್ ಉದ್ದಕ್ಕೂ ಆಡಿಸಿ ನೋಡಿ. ಆದರೆ ಅದು ಸಾಮಾನ್ಯವಾಗಿ ತಣ್ಣಗಿದ್ದಾಗ ಜೋರಾಗಿದ್ದು, ಬಿಸಿಯಾದಂತೆ ಲೋಹ ಹಿಗ್ಗಿ ಕಡಿಮೆಯಾಗುತ್ತದೆ. ನಿಮ್ಮದು ಉಲ್ಟಾ.

ಮಿಂಚು_ಲೆಕ್ಕ:
ಟೈಮಿಂಗ್ ಲೈಟ್ ಇದೆಯಾ? ಒಂದನೇ ಸಿಲಿಂಡರಿನ ವಯರಿಗೆ ಕ್ಲಿಪ್ ಹಾಕಿ, ಬೆಳಕು ನೋಡುತ್ತಾ ಶಬ್ದ ಕೇಳಿ. ಡಿಸ್ಟ್ರಿಬ್ಯೂಟರ್ ಇರುವ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಆ ಪ್ಲಗ್ ಒಂದು ಸಲ ಉರಿಯುತ್ತದೆ. ಕ್ಯಾಮ್‌ಶಾಫ್ಟ್ ಸುತ್ತುವುದೂ ಅದೇ ಅರ್ಧ ವೇಗದಲ್ಲಿ. ಒಂದು ಮಿಂಚಿಗೆ ಒಂದು ಬಡಿತವಾದರೆ ವಾಲ್ವ್, ಟ್ಯಾಪೆಟ್ ಅಥವಾ ಕ್ಯಾಮ್‌ನಿಂದ ನಡೆಯುವ ಪೆಟ್ರೋಲ್ ಪಂಪು. ಎರಡು ಬಡಿತವಾದರೆ ಕ್ರ್ಯಾಂಕಿನ ಜೊತೆ ತಿರುಗುವ ಏನೋ ಒಂದು. ಐದು ನಿಮಿಷದ ಕೆಲಸ, ಅರ್ಧ ಎಂಜಿನ್ ಅನುಮಾನದಿಂದ ಹೊರಗೆ ಹೋಗುತ್ತದೆ.

ಹಳೇಗಾಡಿ:
ಪೈಪ್ ಹಿಡಿದು ನೋಡಿದೆ, ಲೀಕ್ ಇಲ್ಲ. ಲೈಟ್ ಹಚ್ಚಿದೆ: ಮಿಂಚಿಗೆ ಎರಡು ಬಡಿತ, ಅನುಮಾನವೇ ಇಲ್ಲ. ಪುಲ್ಲಿ ಸಡಿಲ ಇರಬಹುದೆಂದು ಬೆಲ್ಟ್ ತೆಗೆದೂ ಸ್ವಲ್ಪ ಹೊತ್ತು ಓಡಿಸಿದೆ. ಶಬ್ದ ಇದೆ. ಪುಲ್ಲಿ ಬೋಲ್ಟೂ ಗಟ್ಟಿಯಾಗಿದೆ.

ಕ್ರ್ಯಾಂಕ್_ಕೆಲಸ:
ಕ್ಲಚ್ಚಿನ ವಿಷಯವನ್ನು ನೀವು ಕಾಕತಾಳೀಯ ಅಂದಿರಿ. ನನ್ನ ಕಣ್ಣಿಗೆ ನಿಮ್ಮ ಇಡೀ ಪ್ರಶ್ನೆಯಲ್ಲಿ ಅದೇ ಮುಖ್ಯ ಸಾಕ್ಷಿ.

ಮೊದಲು ಬಿಗ್ ಎಂಡ್ ಯಾಕಲ್ಲ ಅಂದರೆ, ಅದು ಬಡಿಯುವುದು ಸಿಲಿಂಡರಿನಲ್ಲಿ ಉರಿದ ಗ್ಯಾಸ್ ಪಿಸ್ಟನ್ನನ್ನು ಕೆಳಕ್ಕೆ ತಳ್ಳಿದಾಗ. ಆ ಸಿಲಿಂಡರಿನ ವಯರ್ ತೆಗೆದರೆ ಹೊಡೆತ ತಗ್ಗಿ ಶಬ್ದ ಬದಲಾಗಬೇಕು. ನಿಮ್ಮಲ್ಲಿ ನಾಲ್ಕರಲ್ಲೂ ಬದಲಾಗಿಲ್ಲ. 2000 ಆರ್‌ಪಿಎಂವರೆಗೆ ರೇಸ್ ಕೊಟ್ಟು ಸ್ವಲ್ಪ ಬಿಟ್ಟಾಗ ಅದು ಇನ್ನೂ ಸ್ಪಷ್ಟವಾಗಿ ಕೇಳಬೇಕಿತ್ತು, ನೀವು ಹಾಗೇನೂ ಬರೆದಿಲ್ಲ. ಪ್ರೆಶರ್ ಕೂಡ ಚೆನ್ನಾಗಿದೆ, ಆದರೆ ಅದೊಂದನ್ನೇ ನಂಬಿ ನಾನು ತೀರ್ಪು ಕೊಡುವುದಿಲ್ಲ.

ಇನ್ನು ಪೆಡಲ್. ಅದನ್ನು ಒತ್ತಿದಾಗ ರಿಲೀಸ್ ಬೇರಿಂಗ್ ಹೋಗಿ ಪ್ರೆಶರ್ ಪ್ಲೇಟಿಗೆ ಒರಗುತ್ತದೆ, ಅದರ ಜೊತೆ ಫ್ಲೈವೀಲ್, ಕ್ರ್ಯಾಂಕ್ ಎಲ್ಲವೂ ಮುಂದಕ್ಕೆ ನೂಕಲ್ಪಡುತ್ತವೆ. ಆ ಒತ್ತಡವನ್ನು ತಡೆಯುವುದು ಮೇನ್ ಬೇರಿಂಗ್ (ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿದಿಡುವ ಬೇರಿಂಗ್) ಪಕ್ಕದ ಥ್ರಸ್ಟ್ ವಾಷರ್. ಅದು ಸವೆದರೆ ಕ್ರ್ಯಾಂಕ್ ಹಿಂದೆ ಮುಂದೆ ಓಡಾಡಿ ಬಡಿಯುತ್ತದೆ. ಕಾಲಿಟ್ಟ ಕೂಡಲೇ ಒಂದು ಕಡೆಗೆ ಒತ್ತಿಕೊಂಡು ಸುಮ್ಮನಾಗುತ್ತದೆ.

ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಹೋಗಿದ್ದರೂ ಕ್ಲಚ್ ಒತ್ತಿದಾಗ ಶಬ್ದ ನಿಲ್ಲುತ್ತದೆ, ಅನೇಕರು ಇಲ್ಲೇ ದಾರಿ ತಪ್ಪುವುದು. ಆದರೆ ಅದು ಗೊರಗೊರ ಅನ್ನುತ್ತದೆ, ಮತ್ತು ಪೆಡಲ್ ಪೂರ್ತಿ ಒತ್ತಿ ಕ್ಲಚ್ ಬೇರ್ಪಟ್ಟ ಮೇಲೆ ಮಾತ್ರ ನಿಲ್ಲುತ್ತದೆ. ನಿಮ್ಮದು ಕಾಲಿಟ್ಟ ಮಾತ್ರಕ್ಕೇ ಸಣ್ಣದಾಗುತ್ತದೆ ಅಂದಿರಿ.

ಎಂಜಿನ್ ಆಫ್ ಮಾಡಿ, ಡಯಲ್ ಗೇಜಿನ (ಸಣ್ಣ ಚಲನೆಯನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಮೊನೆಯನ್ನು ಮುಂದಿನ ಪುಲ್ಲಿಯ ಮುಖಕ್ಕೆ ತಾಗಿಸಿ. ಪುಲ್ಲಿಯನ್ನು ಹಿಂದಕ್ಕೆ ಒತ್ತಿ ಸೊನ್ನೆ ಮಾಡಿಕೊಳ್ಳಿ. ಆಮೇಲೆ ಇನ್ನೊಬ್ಬರಿಗೆ ಕ್ಲಚ್ ಒತ್ತಲು ಹೇಳಿ. ನಿಖರ ಅಳತೆ ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್‌ನಲ್ಲಿರುತ್ತದೆ. ಇಂಥ ಎಂಜಿನ್‌ಗಳಲ್ಲಿ ಕ್ರ್ಯಾಂಕ್ 0.05ರಿಂದ 0.25 ಮಿ.ಮೀ. ಓಡಾಡುವುದು ಸಾಮಾನ್ಯ.

ಹಳೇಗಾಡಿ:
0.62 ಮಿ.ಮೀ.! ಮುಳ್ಳು ಓಡುವುದು ಕಣ್ಣಿಗೇ ಕಾಣುತ್ತಿತ್ತು. ಸಂಪ್ (ಕೆಳಗಿನ ಆಯಿಲ್ ತಟ್ಟೆ) ಇಳಿಸಿದೆ, ಮೇನ್ ಬೇರಿಂಗಿನ ಕ್ಯಾಪ್ ತೆಗೆದೆ. ಹಿಂಬದಿಯ ವಾಷರ್ ತಗಡಿನ ಹಾಗೆ ತೆಳುವಾಗಿ, ಮೇಲಿನ ಬಿಳಿ ಪದರ ಪೂರ್ತಿ ಹೋಗಿದೆ. ಮುಂದಿನದು ಹೆಚ್ಚುಕಡಿಮೆ ಹೊಸದರಂತಿದೆ. ಬೇರಿಂಗ್ ಶೆಲ್ ಚೆನ್ನಾಗಿದೆ. ಎಂಜಿನ್ ಇಳಿಸದೇ ಇದು ಗೊತ್ತಾಯಿತಲ್ಲ, ಅದೇ ನನಗೆ ದೊಡ್ಡ ಸಂತೋಷ. ಹೊಸ ವಾಷರ್ ಹಾಕಿದರೆ ಸಾಕೇ?

ಕ್ರ್ಯಾಂಕ್_ಕೆಲಸ:
ಹಾಕುವ ಮೊದಲು ವಾಷರ್ ಕೂರುವ ಕ್ರ್ಯಾಂಕಿನ ಮುಖವನ್ನು ಬೆರಳಿನಿಂದ ಸವರಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರುಗಳಿದ್ದರೆ ಹೊಸ ವಾಷರನ್ನೂ ಅದು ತಿಂದುಹಾಕುತ್ತದೆ, ಆಗ ಕ್ರ್ಯಾಂಕ್ ಇಳಿಸಲೇಬೇಕು. ನುಣುಪಾಗಿದ್ದರೆ ಅರ್ಧಚಂದ್ರದ ವಾಷರುಗಳನ್ನು ಇದ್ದಲ್ಲೇ ಸುತ್ತಿಸಿ ಕೂರಿಸಬಹುದು. ಎಣ್ಣೆ ಹರಿಯುವ ತೋಡುಗಳಿರುವ ಬದಿ ಕ್ರ್ಯಾಂಕಿನ ಕಡೆಗೇ ಇರಬೇಕು, ಬ್ಲಾಕಿನ ಕಡೆಗಲ್ಲ. ಸ್ಟ್ಯಾಂಡರ್ಡ್ ಸೈಜ್ ಹಾಕಿಯೂ ಪ್ಲೇ (ಓಡಾಟ) ಜಾಸ್ತಿ ಇದ್ದರೆ ಇನ್ನೂ ದಪ್ಪನೆಯ ಓವರ್‌ಸೈಜ್ ತನ್ನಿ.

ಹಿಂದಿನದೊಂದೇ ಸವೆದಿದೆ ಅಂದರೆ ಒತ್ತಡ ಕ್ಲಚ್ಚಿನಿಂದಲೇ ಬಂದಿದೆ. ಇಷ್ಟು ಸವೆತ ಹಳೇ ಕ್ಲಚ್ಚಿನ ಕಾಲದ್ದೇ ಇರಬೇಕು. ಆದರೂ ಈಗ ಪೆಡಲ್‌ನಲ್ಲಿ ಫ್ರೀ ಪ್ಲೇ (ಬಿಗಿಯಾಗುವ ಮೊದಲಿನ ಸಡಿಲ ಓಡಾಟ) ಎಷ್ಟಿದೆ?

ಹಳೇಗಾಡಿ:
ಈಗಷ್ಟೇ ನೋಡಿ ಬಂದೆ. ಸ್ವಲ್ಪವೂ ಇಲ್ಲ, ಮುಟ್ಟಿದ ಕೂಡಲೇ ಬಿಗಿ. ಕ್ರ್ಯಾಂಕಿನ ಮುಖ ನುಣುಪಾಗಿದೆ.

ಕ್ರ್ಯಾಂಕ್_ಕೆಲಸ:
ಹಾಗಾದರೆ ಅದು ಮೊದಲ ಕೆಲಸ. ಫ್ರೀ ಪ್ಲೇ ಇಲ್ಲದಿದ್ದರೆ ರಿಲೀಸ್ ಬೇರಿಂಗ್ ಸದಾ ಒರಗಿಕೊಂಡೇ ಇರುತ್ತದೆ, ಗಾಡಿ ಓಡುವಷ್ಟು ಹೊತ್ತೂ ಕ್ರ್ಯಾಂಕನ್ನು ನೂಕುತ್ತಿರುತ್ತದೆ. ಕೇಬಲ್ ಅಡ್ಜಸ್ಟ್ ಮಾಡಿ ಮ್ಯಾನ್ಯುಯಲ್ ಹೇಳಿದಷ್ಟು ಬಿಡಿ. ಹೊಸ ವಾಷರಿಗೆ ಚೆನ್ನಾಗಿ ಆಯಿಲ್ ಸವರಿ ಕೂರಿಸಿ, ಕ್ಯಾಪನ್ನು ಟಾರ್ಕ್ ರೆಂಚ್‌ನಿಂದಲೇ ಬಿಗಿಮಾಡಿ, ಡಯಲ್ ಗೇಜ್ ಮತ್ತೊಮ್ಮೆ ಹಚ್ಚಿ. ಮ್ಯಾನ್ಯುಯಲ್ ಮಿತಿಯೊಳಗೆ ಬಂದರೆ ಸಂಪ್ ಮುಚ್ಚಿ.