ಎರಡು ವರ್ಷ ಒಣಗಿದ ಮರದ ದೋಣಿ: ಹಲಗೆ ಸಂದಿನಲ್ಲಿ ಬೆಳಕು ಕಾಣುತ್ತಿದೆ, ಎಪಾಕ್ಸಿ ತುಂಬಲೇ?

ಹೊಸಹುಟ್ಟು:

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ ಹಾಯಿದೋಣಿ ಈಗ ನನ್ನ ಕೈಗೆ ಬಂದಿದೆ. ನಾಲ್ಕು ಮೀಟರ್ ಉದ್ದ, ಒಂದೇ ಹಾಯಿ. ಒಂದು ಹಲಗೆಯ ಅಂಚಿನ ಮೇಲೆ ಇನ್ನೊಂದರ ಅಂಚು ಕೂರಿಸಿ ತಾಮ್ರದ ರಿವೆಟ್ ಹೊಡೆದಿರುವ ಹಳೇ ಕಾಲದ ಕೆಲಸ, ಒಂದೊಂದು ಪಕ್ಕಕ್ಕೆ ಎಂಟು ಹಲಗೆ. ಅವರಿಗೆ ಮೊಣಕಾಲು ನೋವು ಶುರುವಾದ ಮೇಲೆ ಎರಡು ವರ್ಷ ಶೆಡ್ಡಿನಲ್ಲಿ ಬೋರಲಾಗಿಯೇ ಇತ್ತು.

ಮೊನ್ನೆ ಕೆಳಗೆ ತೂರಿ ಅಂಗಾತ ಮಲಗಿ ನೋಡಿದೆ. ಎರಡನೇ ಮತ್ತು ಮೂರನೇ ಹಲಗೆಯ ನಡುವೆ ದಾರದಷ್ಟು ಸಣ್ಣ ಬೆಳಕಿನ ಗೆರೆ, ಮೂತಿಯಿಂದ ಹೆಚ್ಚುಕಮ್ಮಿ ಅರ್ಧ ದೋಣಿಯವರೆಗೆ. ಕೆಲವು ಕಡೆ ವಿಸಿಟಿಂಗ್ ಕಾರ್ಡ್ ಸಲೀಸಾಗಿ ಒಳಗೆ ಹೋಗುತ್ತದೆ. ಎರಡು ಡಬ್ಬ ಎಪಾಕ್ಸಿ ಅಂಟು ತಂದಿಟ್ಟಿದ್ದೇನೆ. ಸಂದುಗಳಿಗೆಲ್ಲ ಗಟ್ಟಿಯಾಗಿ ತುಂಬಿ, ಉಜ್ಜಿ, ಬಣ್ಣ ಹೊಡೆದು ನೀರಿಗಿಳಿಸುವ ಯೋಚನೆ. ಸರಿಯೇ? ಜೊತೆಗೆ ಒಂದು ಡಬ್ಬಿಯಲ್ಲಿ ಬಿಡಿ ಸಾಮಾನು ಸಿಕ್ಕಿದೆ: ತಾಮ್ರದ ಮೊಳೆ, ಸಣ್ಣ ಬಿಲ್ಲೆಗಳು, ಹಗ್ಗದ ತುಂಡು, ಬೆಣೆಯಾಕಾರದ ಒಂದು ಮರದ ಚೂರು. ಇವುಗಳಲ್ಲಿ ಯಾವುದು ಬೇಕಾಗುತ್ತದೆ?

ತಾಮ್ರಬಿಲ್ಲೆ:

ದಯವಿಟ್ಟು ಆ ಎಪಾಕ್ಸಿ ಡಬ್ಬದ ಮುಚ್ಚಳ ತೆಗೆಯಬೇಡಿ. ಇಪ್ಪತ್ತೆರಡು ವರ್ಷದಿಂದ ಇಂಥದೇ ದೋಣಿ ಇಟ್ಟುಕೊಂಡಿದ್ದೇನೆ. ಮೊದಲನೇ ವರ್ಷ ನಾನೂ ನೀವು ಹೇಳಿದ್ದನ್ನೇ ಮಾಡಿದೆ. ನೀರಿಗಿಳಿಸಿ ನಾಲ್ಕು ದಿನಕ್ಕೆ ಒಳಗಿನ ಪಕ್ಕೆಪಟ್ಟಿಗಳಲ್ಲಿ ಮೂರು ಸೀಳಿದವು. ಅವನ್ನು ಬದಲಿಸಲು ಒಂದು ಬೇಸಿಗೆ ಪೂರ್ತಿ ಹೋಯಿತು.

ಒಣಗಿದ ಮರ ಕುಗ್ಗಿರುತ್ತದೆ. ನೀರು ಕುಡಿದ ಮೇಲೆ ಉಬ್ಬುತ್ತದೆ. ಉದ್ದಕ್ಕೆ ಉಬ್ಬುವುದು ಲೆಕ್ಕಕ್ಕಿಲ್ಲ, ಎಲ್ಲ ಅಗಲಕ್ಕೆ ಮತ್ತು ದಪ್ಪಕ್ಕೆ. ಒಂದು ಅಂಗೈ ಅಗಲದ ಹಲಗೆ ಎರಡು ಮೂರು ಮಿಲಿಮೀಟರ್ ಅಗಲವಾಗುವುದು ಏನೂ ವಿಶೇಷವಲ್ಲ. ಇವತ್ತು ನಿಮಗೆ ಕಾಣುವ ಸಂದು ಆ ಉಬ್ಬಿಗೆ ಬೇಕಾದ ಜಾಗ. ಅಲ್ಲಿ ಕಲ್ಲಿನಂಥ ಎಪಾಕ್ಸಿ ಕೂತಿದ್ದರೆ ಮರ ಎಲ್ಲಿಗೆ ಹೋಗಬೇಕು? ಒಂದರ ಮೇಲೊಂದು ಕೂತ ಅಂಚುಗಳನ್ನು ಬೆಣೆ ಹಾಕಿದಂತೆ ಎಬ್ಬಿಸುತ್ತದೆ, ರಿವೆಟ್ ಎಳೆಯುತ್ತದೆ, ಕೊನೆಗೆ ಪಕ್ಕೆಪಟ್ಟಿ ಮುರಿಯುತ್ತದೆ.

ಮೊದಲು ದೋಣಿಯನ್ನು ಮಗುಚಿ ನೇರ ಮಾಡಿ, ಒಳಗೆಲ್ಲ ಹಳೇ ಗೋಣಿಚೀಲ, ಬಟ್ಟೆ ಹಾಸಿ. ಬೆಳಗ್ಗೆ ಸಂಜೆ ನೀರು ಚಿಮುಕಿಸುತ್ತ ಒಂದು ವಾರ ಒದ್ದೆ ಇಡಿ. ನೆಲದ ಮೇಲಿರುವಾಗ ಪೈಪು ಬಿಟ್ಟು ತುಂಬಿಸಲು ಮಾತ್ರ ಹೋಗಬೇಡಿ. ನಿಮ್ಮ ಅಳತೆಯ ದೋಣಿಯಲ್ಲಿ ಒಂದು ಗೇಣಿಗಿಂತ ಕಡಿಮೆ ನೀರು ನಿಂತರೂ ಮುನ್ನೂರು ಕಿಲೋ ದಾಟಬಹುದು. ಎರಡೇ ಸ್ಟ್ಯಾಂಡಿನ ಮೇಲೆ ಕೂತ ತಳ ಅದನ್ನು ಹೊರುವುದಿಲ್ಲ. ಆಮೇಲೆ ಸೊಂಟದ ಮಟ್ಟದ ನೀರಿನಲ್ಲಿ ಕಟ್ಟಿ ಬಿಡಿ. ತುಂಬಿಕೊಳ್ಳಲಿ, ಗಾಬರಿಯಾಗಬೇಡಿ. ಒಳಗೂ ಹೊರಗೂ ನೀರಿದ್ದರೆ ಹಲಗೆಗೆ ಭಾರವಿಲ್ಲ. ಎರಡು ಮೂರು ದಿನ ಬಿಟ್ಟು ಮೊಗೆದು ನೋಡಿ.

ಆಗಲೂ ಒಂದು ಸಂದು ಸೋರುತ್ತಿದ್ದರೆ ಹಳಬರು ಮಾಡುತ್ತಿದ್ದ ಕೆಲಸ ಇದು: ನಯವಾದ ಮರದ ಹೊಟ್ಟನ್ನು ಡಬ್ಬಿಯಲ್ಲಿ ತುಂಬಿ, ಕೋಲಿಗೆ ಕಟ್ಟಿ, ನೀರಿನೊಳಗೆ ಆ ಸಂದಿನ ಕೆಳಗೆ ಹಿಡಿದು ಸಡಿಲಿಸುವುದು. ಒಳನುಗ್ಗುವ ನೀರೇ ಹೊಟ್ಟನ್ನು ಎಳೆದುಕೊಂಡು ಹೋಗಿ ಸಂದಿನಲ್ಲಿ ಕೂರಿಸುತ್ತದೆ. ಅಲ್ಲೇ ಅದು ಉಬ್ಬುತ್ತದೆ. ನಾನು ಕೈಯಾರೆ ಮಾಡಿ ನೋಡಿದ್ದೇನೆ.

ಉಳಿಕೊಡತಿ:

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ನೆನೆಸುವ ಮೊದಲೇ ಕೊಳೆತಿದೆಯೇ ನೋಡಿ, ಒದ್ದೆಯಾದ ಮೇಲೆ ಎಲ್ಲ ಒಂದೇ ಥರ ಕಾಣುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಹಲಗೆ ತಟ್ಟುತ್ತ ಹೋಗಿ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ಅನುಮಾನ ಬಂದ ಕಡೆ ಮೊನೆಯಿಂದ ಒತ್ತಿ. ಹಿಂಬದಿ ಹಲಗೆಯ ಮೂಲೆಗಳು, ಹಾಯಿಕಂಬದ ಬುಡ ಕೂರುವ ಗುಣಿ, ಕೂರುವ ಅಡ್ಡಹಲಗೆಗಳ ತುದಿ, ತಳದ ನಡುವೆ ಉದ್ದಕ್ಕೂ ಹೋಗುವ ತೊಲೆಗೆ (ಕೀಲ್) ತಾಗಿದ ಮೊದಲನೇ ಹಲಗೆ, ಇಷ್ಟನ್ನು ಬಿಡಬೇಡಿ.

ಮರ ಕೊಳೆಸುವುದು ಶಿಲೀಂಧ್ರ. ಅದಕ್ಕೆ ಉಪ್ಪುನೀರು ಆಗಿಬರುವುದಿಲ್ಲ, ಮಳೆನೀರು ಬಲು ಇಷ್ಟ. ಹಾಗಾಗಿ ದೋಣಿ ಹಾಳಾಗುವುದು ಹೆಚ್ಚಾಗಿ ಮೇಲಿನಿಂದ, ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ. ಹೊದಿಕೆಗೆ ಎರಡೂ ತುದಿಯಲ್ಲಿ ಗಾಳಿ ಬಿಡಿ.

ಡಬ್ಬಿಯಲ್ಲಿರುವ ಮೊಳೆ, ಬಿಲ್ಲೆ ಜೋಪಾನ. ಅಲುಗಾಡುವ ರಿವೆಟ್ ಇದ್ದರೆ ಹೊರಗಿನ ತಲೆಗೆ ಭಾರದ ಕಬ್ಬಿಣ ಆನಿಸಿ ಹಿಡಿಯಲು ಒಬ್ಬರು, ಒಳಗೆ ಬಿಲ್ಲೆಯ ಮೇಲೆ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಲು ಇನ್ನೊಬ್ಬರು. ತಾಮ್ರದ ಪಕ್ಕದಲ್ಲಿ ಕಬ್ಬಿಣದ ಮೊಳೆ ಹೊಡೆಯಬೇಡಿ, ಉಪ್ಪುನೀರಿನಲ್ಲಿ ಕಬ್ಬಿಣ ಬೇಗ ತಿಂದುಹೋಗುತ್ತದೆ.

ತಾಮ್ರಬಿಲ್ಲೆ:

ಉಳಿಕೊಡತಿಯವರು ಹೇಳಿದ್ದು ನೂರಕ್ಕೆ ನೂರು. ಒಳಗೆ ದಪ್ಪ ಬಣ್ಣದ ಬದಲು ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಹಚ್ಚುವುದು ನನಗೆ ಇಷ್ಟ, ಮರ ಉಸಿರಾಡುತ್ತದೆ. ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಶೆಡ್ಡು ಅಂದಿರಿ, ಅದಕ್ಕೇ ಬರೆದೆ.

ಹೊಸಹುಟ್ಟು:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಪಾಕ್ಸಿ ಹಿಂದಿರುಗಿಸಿದೆ. ಹಿಂಬದಿಯ ಬಲಮೂಲೆಯಲ್ಲಿ ಹೆಬ್ಬೆರಳಿನಷ್ಟು ಕೊಳೆತಿತ್ತು, ಕೆತ್ತಿ ಹೊಸ ಮರ ಕೂರಿಸಿದ್ದೇವೆ. ನೀರಿಗೆ ಬಿಟ್ಟ ಮೊದಲನೇ ದಿನ ಅಡ್ಡಹಲಗೆಯವರೆಗೆ ನೀರು ತುಂಬಿತು, ನೋಡಲು ಸಂಕಟವಾಯಿತು. ಮೂರನೇ ದಿನ ಮೊಗೆದು ಖಾಲಿ ಮಾಡಿ ಮಲಗಿದೆ. ಬೆಳಗ್ಗೆ ಎರಡು ಚೊಂಬಿನಷ್ಟೇ ನೀರು! ಬೆಳಕು ಕಂಡ ಜಾಗದಲ್ಲಿ ಈಗ ಉಗುರೂ ಹೋಗುವುದಿಲ್ಲ.

ಈಗ ಬೇರೆ ತೊಂದರೆ. ಹಾಯಿ ಏರಿಸಿ ಹೊರಟರೆ ದೋಣಿ ಮೂತಿಯನ್ನು ಗಾಳಿಯ ಕಡೆಗೇ ತಿರುಗಿಸಿಕೊಳ್ಳುತ್ತದೆ. ನೇರ ಹಿಡಿಯಲು ಚುಕ್ಕಾಣಿಯ ಹಿಡಿಯನ್ನು ಎದೆಗೆ ಎಳೆದು ಕೂರಬೇಕು, ಅರ್ಧ ಗಂಟೆಗೆ ತೋಳು ಸೋಲುತ್ತದೆ. ಗಾಳಿ ಗಂಟೆಗೆ 25 ಕಿಲೋಮೀಟರ್ ಅಂತ ತೋರಿಸುತ್ತಿತ್ತು.

ತಾಮ್ರಬಿಲ್ಲೆ:

ಆ ಎರಡು ಚೊಂಬು ಓದಿ ಎಷ್ಟು ಖುಷಿಯಾಯಿತೋ!

25 ಅಂದರೆ ಗಾಳಿಯ ಬಲ ಹೇಳುವ ಬೋಫರ್ಟ್ ಮಾಪಕದಲ್ಲಿ 4. ತೆರೆದ ಸಣ್ಣ ದೋಣಿಗೆ ಅದು ಪೂರ್ತಿ ಹಾಯಿಯ ಗಾಳಿಯಲ್ಲ, ಕಲಿಯುವವರಿಗಂತೂ ಅಲ್ಲವೇ ಅಲ್ಲ. ದಡದಲ್ಲೇ ಹಾಯಿಯ ಕೆಳಭಾಗ ಮಡಚಿ ಕಟ್ಟಿ ಹೊರಡಿ. ದೋಣಿ ವಾಲಿದಷ್ಟೂ ಗಾಳಿಯ ಕಡೆಗೆ ತಿರುಗುವ ಹಟ ಜಾಸ್ತಿಯಾಗುತ್ತದೆ. ಆದ್ದರಿಂದ ಗಾಳಿ ಬರುವ ಪಕ್ಕದಲ್ಲಿ ಕೂತು ಆದಷ್ಟು ಮಟ್ಟಸವಾಗಿ ಓಡಿಸಿ. ಬೀಸು ಜೋರಾದಾಗ ಹಾಯಿಯ ಹಗ್ಗ ಸಡಿಲಿಸಿ. ಅದಕ್ಕೇ ಆ ಹಗ್ಗ ಯಾವತ್ತೂ ಕೈಯಲ್ಲಿರಬೇಕು, ಗೂಟಕ್ಕೆ ಕಟ್ಟಿಹಾಕಬಾರದು. ನಡುವೆ ಇಳಿಬಿಡುವ ಹಲಗೆ ನಿಮ್ಮದರಲ್ಲಿ ಹಿಂದಕ್ಕೆ ಮಡಚಿಕೊಳ್ಳುವಂಥದಾದರೆ ಸ್ವಲ್ಪ ಮೇಲೆತ್ತಿ ನೋಡಿ, ನೀರಿನ ಹಿಡಿತ ಹಿಂದಕ್ಕೆ ಸರಿದು ಚುಕ್ಕಾಣಿ ಹಗುರವಾಗುತ್ತದೆ. ಲೈಫ್ ಜಾಕೆಟ್ ತೊಟ್ಟೇ ಹತ್ತಿ. ಮೊಗೆಯುವ ಬಕೆಟ್ಟನ್ನು ದೋಣಿಗೆ ಕಟ್ಟಿಡಿ, ಮಗುಚಿದರೆ ಮೊದಲು ತೇಲಿಹೋಗುವುದು ಅದೇ.

ಒಂದು ಕೇಳಬೇಕಿತ್ತು. ಹಾಯಿಕಂಬ ಅಡ್ಡಹಲಗೆಯ ತೂತಿನಲ್ಲಿ ಇಳಿಯುತ್ತದಲ್ಲ, ಅಲ್ಲಿ ಅಲುಗುತ್ತದೆಯೇ? ಹಿಂದಕ್ಕೆ ವಾಲಿದೆಯೇ? ಕಂಬ ವಾಲಿದರೆ ಹಾಯಿಯ ಒತ್ತಡವೂ ಹಿಂದಕ್ಕೆ ಬಂದು ಇದೇ ಕಾಟ ಕೊಡುತ್ತದೆ. ನಿಮ್ಮ ಡಬ್ಬಿಯ ಆ ಬೆಣೆಯನ್ನು ಕಂಬದ ಹಿಂಬದಿಗೆ ಇಟ್ಟು ನೋಡಿ.

ಹೊಸಹುಟ್ಟು:

ಇವತ್ತು ಇಟ್ಟು ನೋಡಿದೆ. ಕಂಬದ ಹಿಂದೆ ಎರಡು ಬೆರಳು ಸಂದು ಇತ್ತು, ಬೆಣೆ ಅಳತೆ ತೆಗೆದ ಹಾಗೆ ಕೂತಿತು. ಒಂದು ಮುಖದಲ್ಲಿ ಮಾಸಿದ ಪೆನ್ಸಿಲ್ ಬಾಣದ ಗುರುತಿದೆ, ಮೂತಿಯ ಕಡೆಗೆ. ಹಾಯಿ ಒಂದು ಮಡಿಕೆ ಕಟ್ಟಿ ಹೊರಟೆ. ಚುಕ್ಕಾಣಿಯನ್ನು ಎರಡು ಬೆರಳಲ್ಲಿ ಹಿಡಿದು ಆಚೆ ದಡ ಮುಟ್ಟಿ ಬಂದೆ. ಮಾವನವರು ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಳಿದ ತಕ್ಷಣ ಕೇಳಿದ್ದು ಒಂದೇ, "ಬೆಣೆ ಎಲ್ಲಿ ಸಿಕ್ಕಿತು?"